ಒದ್ದೆ ನೆಲ

ಜೀಪಿನ ಹಿಂದಿನ ಚಕ್ರ ಕೆಸರಿನಲ್ಲಿ ಹೂತುಹೋದಾಗ ಒಬ್ಬರೂ ಮುಂದೆ ಬರಲಿಲ್ಲ. ಊರಿನವರು ರಸ್ತೆಯಂಚಿನಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು. ಡ್ರೈವರ್ ಗೇರು ಬದಲಿಸಿ ಮತ್ತೆ ಎಳೆದ. ಚಕ್ರ ಇನ್ನಷ್ಟು ಒಳಗೆ ಕೂತಿತು. ಜೀಪಿನಿಂದ ಇಳಿದು ನಿಂತಿದ್ದ ಅವಳ ಮೊಣಕಾಲಿನವರೆಗೂ ಕೆಸರು ಸಿಡಿಯಿತು.

"ನೋಡಿದ್ರಾ ಮೇಡಂ? ನಾವು ಬಾಯಲ್ಲಿ ಹೇಳಿದ್ದನ್ನ ನೆಲಾನೇ ಹೇಳ್ತಿದೆ," ಎಂದ ಗುಂಪಿನ ಮುಂದಿದ್ದ ದಪ್ಪ ಮನುಷ್ಯ. ಊರಲ್ಲಿ ಅವನಿಗೆ ಮೈಕು ಎಂದೇ ಹೆಸರು. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುವ ಗಂಟಲು. "ಇಲ್ಲಿ ಮನೆ ಕಟ್ಟಿದ್ರೆ ನಡುಮನೇಲಿ ಮೀನು ಸಾಕ್ಬೇಕಾಗುತ್ತೆ."

ಜನ ನಕ್ಕರು. ಅವಳು ನಗಲಿಲ್ಲ.

ನೆಲ ಪರೀಕ್ಷೆ ಮಾಡುವ ಇಂಜಿನಿಯರ್ ಅವಳು. ಊರಂಚಿನ ಈ ಬಯಲು ಮನೆ ಕಟ್ಟಲು ತಕ್ಕದ್ದೋ ಅಲ್ಲವೋ ಎಂದು ನೋಡಿ ವರದಿ ಕೊಡಬೇಕಿತ್ತು. ಮನೆಗಳು ಬರಬೇಕಾಗಿದ್ದದ್ದು ಕಲ್ಲುಕ್ವಾರಿಯ ಕೂಲಿಯವರಿಗೆ. ಕ್ವಾರಿಯ ಬಾಯಿಗೇ ತಗಡಿನ ಶೆಡ್ಡು ಹಾಕಿಕೊಂಡು, ಸಿಡಿಮದ್ದು ಹಾರಿಸಿದಾಗಲೆಲ್ಲ ಮಕ್ಕಳನ್ನು ಎತ್ತಿಕೊಂಡು ಓಡುವ ಜನ. ಅವರನ್ನು ಅಲ್ಲಿಂದ ಎಬ್ಬಿಸಬೇಕು ಎನ್ನುವುದಕ್ಕೆ ಎಲ್ಲರ ಒಪ್ಪಿಗೆಯಿತ್ತು. ಎಲ್ಲಿ ಕೂರಿಸುವುದು ಎಂದಾಗ ಮಾತ್ರ ಪ್ರತಿ ಊರೂ ಪಕ್ಕದ ಊರಿನ ಕಡೆ ಬೆರಳು ತೋರಿಸಿತ್ತು.

ಬಯಲಿಗೆ ಒತ್ತಿಕೊಂಡ ಕಡೆಯ ಮನೆ ಅವಳ ಅಕ್ಕನದು. "ಈ ಕೆಲಸಾನ ಬೇರೆಯವರಿಗೆ ಕೊಡಿ ಸರ್," ಎಂದು ಅವಳು ಆಫೀಸಿನಲ್ಲಿ ಕೇಳಿಕೊಂಡಿದ್ದಳು. "ಒಳ್ಳೇದೇ ಆಯ್ತಲ್ಲಮ್ಮ, ಮಧ್ಯಾಹ್ನದ ಊಟದ ಚಿಂತೆ ತಪ್ತು," ಎಂದು ಮೇಲಧಿಕಾರಿ ಆ ಮಾತನ್ನು ಅಲ್ಲಿಗೇ ಮುಗಿಸಿದ್ದರು.

ಮಣ್ಣು ಕೊರೆಯುವ ಸಲಾಕೆ ಹೊತ್ತು ಅವಳು ಬಯಲಿನ ನಡುವೆ ಹೋದಳು. ಒಂದೊಂದು ಹೆಜ್ಜೆಗೂ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತಿತ್ತು. ಕೊನೆಗೆ ಅದನ್ನು ಅಲ್ಲೇ ಬಿಟ್ಟಳು. ಹಿಡಿ ತಿರುಗಿಸುತ್ತ ಸಲಾಕೆ ಇಳಿಸಿದಾಗ ಮೊದಲು ಅಂಟು ಕೆಸರು ಬಂತು. ಒಂದು ಗೇಣು ಕೆಳಗೆ ಬಂದದ್ದು ಒಣ ಮಣ್ಣು. ಬೆರಳ ಸಂದಿಯಿಂದ ಅದು ಹಿಟ್ಟಿನ ಹಾಗೆ ಉದುರಿತು. ಮಳೆಯ ಸುದ್ದಿಯಿಲ್ಲದೆ ತಿಂಗಳಾಗಿತ್ತು. ಇನ್ನೊಂದು ಮೂಲೆಯಲ್ಲಿ ಕೊರೆದಳು, ಅಲ್ಲೂ ಹಾಗೇ.

ಆಮೇಲೆ ಅವಳು ನೀರು ಹರಿದ ಜಾಡು ಹಿಡಿದು ನಡೆದಳು. ಹೊಸದಾಗಿ ತೋಡಿದ ಕಾಲುವೆ, ಅಂಚಿನಲ್ಲಿ ಗುದ್ದಲಿಯ ಹಸಿ ಗುರುತು. ಅದು ಹೋಗಿ ಮುಟ್ಟಿದ್ದು ಅಕ್ಕನ ಹಿತ್ತಿಲಿನ ಬೋರ್‌ವೆಲ್ಲಿಗೆ. ಪೈಪಿನ ಬಾಯಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ಏನ್ ಮೇಡಂ, ದಾರಿ ತಪ್ತಾ? ಬಯಲು ಆ ಕಡೆ," ಎಂದ ಮೈಕು, ಮೊದಲ ಸಲ ಮೆಲುದನಿಯಲ್ಲಿ.

"ನೀರು ಈ ಕಡೆಯಿಂದ ಬಂದಿದೆ."

ಮಣ್ಣಿನ ಹೆಂಟೆಯೊಂದು ಹಾರಿಬಂದು ಅವಳ ಬೆನ್ನಿಗೆ ಬಡಿಯಿತು. ತಿರುಗಿ ನೋಡಿದರೆ ಎಲ್ಲರೂ ಮೊದಲಿನಂತೆಯೇ ಕೈಕಟ್ಟಿ ನಿಂತಿದ್ದರು.

ಹಿತ್ತಿಲ ಬಾಗಿಲು ತೆರೆಯಿತು. "ಒಳಗೆ ಬಾ," ಎಂದಳು ಅಕ್ಕ.

ಅಡುಗೆಮನೆಯಲ್ಲಿ ಕೂತ್ಕೋ ಎನ್ನಲಿಲ್ಲ. ಬೆನ್ನಿನ ಮಣ್ಣು ನೋಡಿಯೂ ಒರೆಸಲಿಲ್ಲ. ನಡುಮನೆಯಲ್ಲಿ ಭಾವ ಟೀವಿ ಜೋರಾಗಿ ಇಟ್ಟುಕೊಂಡು ಕೂತಿದ್ದ.

"ಭಾವ ಮಾಡಿದ್ದಾ ಇದು?"

"ಕಾಲುವೆ ತೋಡಿದ್ದು ಊರವರು. ಪಂಪಿನ ಸ್ವಿಚ್ ಹಾಕಿದ್ದು ನಾನು. ಏನೀಗ?"

"ಅಕ್ಕಾ, ಕ್ವಾರಿಯವರು ಯಾರೋ ಹೊರಗಿನವರಾ? ಅಪ್ಪ ಅದೇ ಕ್ವಾರೀಲಿ ಕಲ್ಲು ಒಡೆದು ತಾನೇ ನಮ್ಮನ್ನ ಸಾಕಿದ್ದು."

"ಮೆಲ್ಲಗೆ," ಎಂದು ಅಕ್ಕ ಕಿಟಕಿ ಎಳೆದುಕೊಂಡಳು. "ಈ ಊರು ಅದನ್ನ ಮರೆಯೋಕೆ ಎಷ್ಟು ವರ್ಷ ಬೇಕಾಯ್ತು, ಗೊತ್ತಾ ನಿಂಗೆ? ಮದುವೆಯಾಗಿ ಬಂದಾಗ ನಾನು ಕೊಟ್ಟ ನೀರು ಯಾರೂ ಮುಟ್ತಿರ್ಲಿಲ್ಲ. ಶೆಡ್ಡಿನವಳು ಅಂತಿದ್ರು. ಈಗ ಆ ಮೈಕು ಕೂಡ ಅಕ್ಕ ಅಂತಾನೆ. ಅವರೆಲ್ಲ ಬಂದು ನನ್ನ ಹಿತ್ತಿಲಲ್ಲಿ ಕೂತ್ರೆ, ನಾನು ಮತ್ತೆ ಶೆಡ್ಡಿನವಳೇ."

ಚಿಕ್ಕಂದಿನಲ್ಲಿ ಸಿಡಿಮದ್ದು ಹಾರುವ ಹೊತ್ತಿಗೆ ಅಕ್ಕ ತನ್ನ ಎರಡೂ ಅಂಗೈಯಿಂದ ತಂಗಿಯ ಕಿವಿ ಮುಚ್ಚುತ್ತಿದ್ದಳು. ಅಕ್ಕನ ಕಿವಿ ಮುಚ್ಚಲು ಯಾರೂ ಇರಲಿಲ್ಲ. ಈಗಲೂ ಅವಳಿಗೆ ಎಡಗಿವಿ ಅಷ್ಟಕ್ಕಷ್ಟೇ.

"ನೆಲ ಗಟ್ಟಿಯಿದೆ ಅಕ್ಕ," ಎಂದಳು ತಂಗಿ. "ಕ್ವಾರೀಲಿ ಈಗ್ಲೂ ಕೂಸುಗಳಿವೆ."

"ನೀನು ಬರೆದು ಹೋಗ್ತೀಯ. ಇಲ್ಲಿ ಬಾಳೋಳು ನಾನು."

"ಇಲ್ಲದ್ದನ್ನ ಹೇಗೆ ಬರೀಲಿ?"

"ಹಾಗಾದ್ರೆ ಇರೋದನ್ನೇ ಬರಿ. ಬರೆದ ಮೇಲೆ ಈ ಕಡೆ ತಲೆ ಹಾಕ್ಬೇಡ."

ಟೀವಿಯ ಸದ್ದು ತಗ್ಗಿತು. "ಏನಾದ್ರೂ ಕುಡಿಯೋಕೆ ಕೊಟ್ಯಾ ಅವಳಿಗೆ?" ಎಂದು ಭಾವ ಅಲ್ಲಿಂದಲೇ ಕೇಳಿದ.

"ಅವಳು ಹೊರಟಳು," ಎಂದಳು ಅಕ್ಕ.

ಜೀಪನ್ನು ಅವಳೇ ತಳ್ಳಿದಳು. ಡ್ರೈವರ್ ಚಕ್ರದಡಿಗೆ ಕಲ್ಲು ಕೊಟ್ಟು, ಸ್ಟಿಯರಿಂಗಿಗೆ ಓಡಿ, ಮತ್ತೆ ಇಳಿದು ಬಂದು, ಒಬ್ಬನೇ ನಾಲ್ಕಾಳಿನ ಕೆಲಸ ಮಾಡಿದ. ಜನ ಕದಲಲಿಲ್ಲ. ಬಯಲು ಮನೆ ಕಟ್ಟಲು ತಕ್ಕದ್ದು, ಮೇಲಿನ ತೇವ ಹೊರಗಿನಿಂದ ಹಾಯಿಸಿದ ನೀರಿನದು ಎಂದು ಅವಳು ವರದಿ ಮಾಡಿದಳು. ಯಾರ ಪಂಪಿನ ನೀರು ಎಂದು ಹೇಳಲಿಲ್ಲ.

ವರದಿ ಬರೆದವಳು ಯಾರ ತಂಗಿ ಎಂದು ಊರಿಗೆ ಹೇಳಬೇಕಾಗಿಯೂ ಇರಲಿಲ್ಲ. ಆಮೇಲೆ ಅಕ್ಕ ಫೋನ್ ಎತ್ತಲೇ ಇಲ್ಲ; ಭಾವನೇ ಒಂದು ಸಲ ಮಾಡಿದ. "ಮೈಕು ಈಗ ನಮ್ಮನೆ ಮುಂದೆ ಹಾದ್ರೂ ಬಾಯಿ ಬಿಡಲ್ಲ," ಎಂದ. "ನನ್ನ ಕಿವಿಗೇನೋ ಆರಾಮು. ನಿಮ್ಮಕ್ಕನಿಗೆ ಮಾತ್ರ..." ಅಷ್ಟು ಹೇಳಿ, ಯಾರೋ ಬಂದರೆಂದು ಇಟ್ಟುಬಿಟ್ಟ.

ಗೋಡೆಗಳು ಎದ್ದವು, ಮೇಲೆ ತಾರಸಿ ಕೂತಿತು. ಕೊನೆಯ ತಪಾಸಣೆಗೆ ಅವಳು ಹೋದ ದಿನ ಒಂದೆರಡು ಮನೆಗಳಿಗೆ ಆಗಲೇ ಜನ ಬಂದಿದ್ದರು. ಹೆಂಗಸೊಬ್ಬಳು ನಲ್ಲಿಯನ್ನು ಸುಮ್ಮನೆ ತಿರುಗಿಸುವುದು, ನಿಲ್ಲಿಸುವುದು ಮಾಡುತ್ತಿದ್ದಳು. ಆಚೆ ಅಕ್ಕನ ಹಿತ್ತಿಲ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು, ಗಾರೆಯನ್ನೂ ಬಳಿದಿರಲಿಲ್ಲ.

ಮಾಳಿಗೆಯ ಮೇಲೆ ಅಕ್ಕ ಬಟ್ಟೆ ಒಣಗಿಸುತ್ತಿದ್ದಳು. ಕೆಳಗೆ ನೋಡಿದಳು. ಕೈಯಲ್ಲಿದ್ದ ಒದ್ದೆ ಹೊದಿಕೆಯನ್ನು ಒದರಿ, ತಂತಿಯ ಮೇಲೆ ಹಾಕಿ, ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಮುಖ ಮರೆಯಾಯಿತು. ಹೊದಿಕೆಯ ಕೆಳಗೆ ಅವಳ ಎರಡು ಪಾದ ಕಾಣುತ್ತಿದ್ದವು. ಬಕೆಟ್ಟು ಖಾಲಿಯಾಗಿತ್ತು, ಪಾದಗಳು ಅಲ್ಲಿಂದ ಸರಿಯಲಿಲ್ಲ.