ಈಶಪ್ಪ ಹಿಡಿದ ವಾರ

ಮಧ್ಯಾಹ್ನದ ಬುತ್ತಿ ಮುಗಿಸಿ ಕೆಲಸಗಾರರೆಲ್ಲ ಮತ್ತೆ ಕಟ್ಟಡ ಏರಿದರು. ಹೆಬ್ಬಗೋಡಿಯ ಆ ಓಣಿಯಲ್ಲಿ ನಾಲ್ಕನೇ ಮಹಡಿ ಏಳುತ್ತಿತ್ತು. ಈಶಪ್ಪನ ಕೆಲಸ ನೆಲದ ಮೇಲೆ ನಿಂತು ಸೀಟಿ ಊದುವುದು. ಕಾಂಕ್ರೀಟಿನ ತೊಟ್ಟಿಯನ್ನು ಮೇಲಕ್ಕೆ ಎಳೆಯುವ ಯಂತ್ರದವನಿಗೆ ಮೇಲಿನವರು ಕಾಣುವುದಿಲ್ಲ. ಮೇಲೆ ಪರಮಾನಂದ ಕೈ ಎತ್ತಿದರೆ ಈಶಪ್ಪ ಊದಬೇಕು. ಆಗ ಯಂತ್ರ ನಿಲ್ಲುತ್ತದೆ. ಇಬ್ಬರೂ ಹುನಗುಂದದ ಕಡೆಯ ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಬಂದವರು.

ಈಶಪ್ಪನ ಜೇಬಿನಲ್ಲಿ ಫೋನು ಅದುರಿತು. ಊರಿನವರ ಗುಂಪಿಗೆ ಯಾರೋ ವಿಡಿಯೊ ಹಾಕಿದ್ದರು. ಹೊಸ ಬೋರಿನಿಂದ ನೀರು ಚಿಮ್ಮುತ್ತಿತ್ತು, ಹೆಂಗಸರು ಕುಂಕುಮ ಎರಚುತ್ತಿದ್ದರು. ಅದನ್ನು ನೋಡುತ್ತ ಅವನು ತಲೆ ಬಗ್ಗಿಸಿದ. ಮೇಲೆ ಪರಮಾನಂದ ಕೈ ಎತ್ತಿದ. ಸೀಟಿ ಕೇಳಲಿಲ್ಲ. ತೊಟ್ಟಿ ಏರುತ್ತಲೇ ಹೋಗಿ ಪರಮಾನಂದನ ಎಡಗೈ ಬೆರಳುಗಳನ್ನು ಕಬ್ಬಿಣದ ಕಂಬಕ್ಕೆ ಒತ್ತಿತು.

ಮೇಸ್ತ್ರಿ ಲೋಕೇಶ್ ಓಡಿ ಬಂದ. "ಏನಾಯ್ತು ಗುರು?"

"ನಾನೇ ಕೈ ಅಡ್ಡ ಇಟ್ಟೆ ಅಣ್ಣ," ಎಂದ ಪರಮಾನಂದ.

ಸಂಜೆ, ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ಅವನ ಪಕ್ಕಕ್ಕೆ ಈಶಪ್ಪ ಹೋದ.

"ಮೇಸ್ತ್ರಿ ಮುಂದ ನನ್ನ ಹೆಸರು ಹೇಳ್ಲಿಲ್ಲ ನೀ."

"ಹೇಳಿದ್ರ ನಿನ್ನ ಕೆಲಸ ಹೋಗ್ತಿತ್ತು."

"ಒಂದ್ ಗಳಿಗಿ ಫೋನ್ ನೋಡಿದೆ ಲೇ. ಊರಾಗ ನೀರು ಬಿದ್ದಿತ್ತು. ಇಲ್ಲಿ ನಮ್ಮೋರು ಅಂತ ಯಾರದಾರ? ನಮ್ಮೂರು ಕಾಣೂದು ಅದರಾಗ ಅಷ್ಟ."

"ಊರು ಕಂಡ್ತು. ನಾ ಕಾಣ್ಲಿಲ್ಲ."

ಪರಮಾನಂದ ಪಟ್ಟಿ ಕಟ್ಟಿದ ಕೈ ನೋಡಿಕೊಂಡು ಹೇಳಿದ. "ನೀ ಕೆಳಗ ನಿಂತ್ರ ನಾ ಏರಂಗಿಲ್ಲ ದೋಸ್ತ. ಸಿಮೆಂಟ್ ಕಲಸ್ತೀನಿ, ಬೇಕಾದ್ರ."

ಅಂದು ಸೋಮವಾರ. ಮನೆಯಲ್ಲಿ ಈಶಪ್ಪನ ಹೆಂಡತಿ ಶಿವಗಂಗಾ ಉಪವಾಸದ ವಾರ ಹಿಡಿದಿದ್ದಳು. ದೀಪ ಹಚ್ಚಿದ ಮೇಲೆಯೇ ಅವಳಿಗೆ ಊಟ. ಈಶಪ್ಪ ತಟ್ಟೆ ಸರಿಸಿ ಕೇಳಿದ.

"ದಿನಾಪೂರ್ತಿ ಹಸದು ನಿನಗೇನ್ ಸಿಗ್ತೈತಿ?"

"ಹೊಟ್ಟಿ ಚುರ್ ಅಂದಾಗೊಮ್ಮೆ ಶಿವ ನೆನಪಾಗ್ತಾನ್ರಿ. ಹೊಟ್ಟಿ ತುಂಬಿದ್ರ ಯಾರಿಗೆ ನೆನಪಿರ್ತೈತಿ?"

"ನಾನೂ ವಾರ ಹಿಡೀತೀನಿ. ಎಂಟೂ ದಿನ."

"ನೀವು? ನಾಲ್ಕು ರೊಟ್ಟಿ ತಿಂದು ಐದನೇದಕ್ಕ ಕೈ ಚಾಚೋರು?"

ಅವನು ನಗಲಿಲ್ಲ. ಫೋನನ್ನು ದೇವರ ಗೂಡಿನಲ್ಲಿಟ್ಟ. "ನಿಮ್ಮವ್ವ ಫೋನ್ ಹಚ್ಚಿದ್ರ ನೀ ಮಾತಾಡು. ನೆಟ್ ಮಾತ್ರ ಹಾಕಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ."

ಮರುದಿನ ಬೆಳಗಿನಿಂದ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಜೇಬು ಬರಿದು. ಹಾಗೆ ಬರಿಗೈ ತಿರುಗಿ ಬಂದಾಗಲೆಲ್ಲ ಪರಮಾನಂದನ ಬೆರಳು ನೆನಪಾಗಿ, ಅವನು ತಲೆಯೆತ್ತಿ ಮೇಲೆ ನೋಡುತ್ತಿದ್ದ. ಈಗ ಅಲ್ಲಿ ಬೇರೊಬ್ಬ ನಿಂತಿದ್ದ. ಊರಿನಲ್ಲಿ ಏನಾಯಿತೋ, ಯಾರು ಏನು ಹಾಕಿದರೋ ಎಂದು ಒಳಗೆ ಕೆರೆಯುತ್ತಲೇ ಇತ್ತು.

"ಏನ್ ಈಶಪ್ಪ, ಕತ್ತು ಹಿಡ್ಕೊಂಡಿದ್ಯಾ? ಬರೀ ಮೇಲೇ ನೋಡ್ತೀಯಲ್ಲ," ಎಂದ ಲೋಕೇಶ್.

ಬಲಗೈಯಿಂದಲೇ ಸಿಮೆಂಟ್ ಕಲಸುತ್ತಿದ್ದ ಪರಮಾನಂದ ಸನಿಕೆ ನಿಲ್ಲಿಸಿ ಈಶಪ್ಪನನ್ನು ಒಮ್ಮೆ ನೋಡಿ, ಮತ್ತೆ ಬಗ್ಗಿದ. ದಿನಗಳು ಹಾಗೆಯೇ ಕಳೆದವು. ವಾರ ಮುಗಿಯುವ ಮೊದಲೇ ಮೇಲಿನವನು ಜ್ವರ ಬಂದು ಮಲಗಿದ. ಯಾರು ಏರುತ್ತೀರಿ ಎಂದು ಲೋಕೇಶ್ ಕೇಳಿದಾಗ ಯಾರೂ ಮುಂದೆ ಬರಲಿಲ್ಲ. ಪರಮಾನಂದ ಬಲಗೈ ತೊಳೆದು ಏಣಿ ಹತ್ತಿದ.

ಆ ದಿನವೆಲ್ಲ, ತೊಟ್ಟಿಗೆ ಕೈ ಚಾಚುವ ಮೊದಲು ಪ್ರತಿ ಸಲವೂ ಅವನು ಬಗ್ಗಿ ಈಶಪ್ಪನ ಮುಖ ನೋಡಿಕೊಂಡ. ಈಶಪ್ಪ ಅದಕ್ಕೆ ಬೇಸರಪಡಲಿಲ್ಲ. ಪ್ರತಿ ಸಲವೂ ಮುಖ ಮೇಲೆತ್ತಿಕೊಂಡೇ ನಿಂತ.