ಕಂಡೆನ್ಸರಿನಲ್ಲಿ ಕೂತ ಎಣ್ಣೆ

ಗೇಜಿನ ಮುಳ್ಳು ಇಳಿಯುತ್ತಿದೆ, ಸೊನ್ನೆ ದಾಟಿ ಇನ್ನೂ ಕೆಳಗೆ, ವ್ಯಾಕ್ಯೂಮ್ ಪಂಪಿನ ಗೊರಗೊರ ಒಂದೇ ಸಮ, ಮೇಲೆ ಮೆಟ್ರೋ ಹೋದಾಗ ಮಾತ್ರ ಮುಳುಗುತ್ತದೆ, ಮತ್ತೆ ಗೊರಗೊರ — ಅರ್ಧ ಗಂಟೆ ಹೀಗೇ ಪೈಪುಗಳೊಳಗಿನ ಗಾಳಿಯನ್ನೆಲ್ಲ ಎಳೆಯಬೇಕು, ಆಮೇಲೆ ಪಂಪು ನಿಲ್ಲಿಸಿ ನೋಡಬೇಕು, ಮುಳ್ಳು ಅಲ್ಲೇ ನಿಂತರೆ ಲೀಕಿಲ್ಲ, ಹೊಸ ಗ್ಯಾಸ್ ತುಂಬಬಹುದು, ತೊಂಬತ್ತನಾಲ್ಕನೇ ಇಸವಿಯ ಕಾರು ಇದು, ಇದರ ಏಸಿ ಹಳೆಯ ಗ್ಯಾಸಿಗೆಂದೇ ಮಾಡಿದ್ದು, ಅದೀಗ ಎಲ್ಲಿದೆ, ಹೊಸದಕ್ಕೇ ಒಗ್ಗಿಸಬೇಕು, ಹಸಿರು ರಬ್ಬರ್ ರಿಂಗು, ಹೊಸ ಎಣ್ಣೆ, ಬೇರೆ ಕಂಪ್ರೆಸರ್ — ಬಸವರಾಜೇಶ್ವರಿ ಮೇಡಂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದಾರೆ, ಚಂದ್ರಾ ಲೇಔಟಿನ ಅರ್ಧ ಜನಕ್ಕೆ ಗಣಿತ ಕಲಿಸಿದವರು, ನನ್ನನ್ನೂ ಹೋಮ್‌ವರ್ಕ್ ಕೇಳುವ ಹಾಗೇ ಕೇಳುತ್ತಾರೆ, ಭರಮಪ್ಪ, ಮೊದಲಿನಷ್ಟೇ ತಣ್ಣಗಾಗತ್ತಾ, ಇಲ್ಲ ಮೇಡಂ, ಓಡ್ತಾ ಇದ್ರೆ ಪರವಾಗಿಲ್ಲ, ಸಿಗ್ನಲಲ್ಲಿ ನಿಂತಾಗ ಸ್ವಲ್ಪ ಕಮ್ಮಿ, ಹಾಗಾದ್ರೆ ಇಡೀ ವಿಜಯನಗರದಲ್ಲಿ ಕಮ್ಮಿ ಅನ್ನಿ, ಅಂದು ತಾವೇ ನಕ್ಕರು.

ಏಸಿ ಕೆಟ್ಟ ಮೇಲೆ ಹನ್ನೆರಡು ವರ್ಷ ಮೇಡಂ ತಾವೇ ಕಿಟಕಿ ಇಳಿಸಿಕೊಂಡು ಓಡಿಸಿದರು, ಈಗ ಧೂಳಿಗೆ ಉಬ್ಬಸ, ಕಣ್ಣಿನ ಆಪರೇಷನ್ ಬೇರೆ, ಡ್ರೈವರ್ ಬೇಕಂತೆ, ಯಾರಾದ್ರೂ ಇದ್ರೆ ಹೇಳಿ, ಆಗಿದ್ದ ಡ್ರೈವರ್ ಬಾಳೇಶನ ಥರದವನು ಮಾತ್ರ ಬೇಡಪ್ಪ, ಮದುವೆ ಛತ್ರದ ಮುಂದೆ ಏಸಿ ಹಾಕ್ಕೊಂಡು ಮಧ್ಯಾಹ್ನ ಪೂರ್ತಿ ಮಲಗಿ ಕಂಪ್ರೆಸರ್ ಸುಟ್ಟ — ನಾನು ಸ್ಪ್ಯಾನರ್ ಒರೆಸುತ್ತಿದ್ದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ, ಯಾಕೆಂದರೆ ಬೆಳಿಗ್ಗೆ ಆ ಸತ್ತ ಕಂಪ್ರೆಸರ್ ಬಿಚ್ಚಿ ಬೋರಲು ಹಾಕಿದ್ದೇನೆ, ಎಣ್ಣೆ ಬಿದ್ದದ್ದು ಎರಡು ಹನಿ, ರೇಡಿಯೇಟರ್ ಮುಂದಿನ ಕಂಡೆನ್ಸರಿಗೆ ಗಾಳಿ ಹೊಡೆದೆ, ಎಣ್ಣೆಯಷ್ಟೂ ಅಲ್ಲಿಂದ ಬಂತು, ಕತ್ತರಿಸಿದ ಬಾಟಲಿಗೆ, ಕಪ್ಪಗೆ, ಮಂದವಾಗಿ — ಹಳೆಯ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆಯುವುದಿಲ್ಲ, ಗ್ಯಾಸ್ ಸುತ್ತಿ ಬರುತ್ತದೆ, ಎಣ್ಣೆ ದಾರಿಯಲ್ಲೇ ಕೂತುಬಿಡುತ್ತದೆ, ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ, ಈ ಕಾರಿಗೆ ಹೊಸ ಗ್ಯಾಸ್ ಹಾಕಿದವನು ಯಾರು, ನಾನೇ, ಹಳೆಯದು ಎಲ್ಲೂ ಸಿಗದ ಆ ಬೇಸಿಗೆ, ಲೇತಿನವನ ಹತ್ತಿರ ಒಂದು ಅಡಾಪ್ಟರ್ ಮಾಡಿಸಿ ಒಳಗಿದ್ದ ಹಳೆಯ ಎಣ್ಣೆಯ ಮೇಲೇ ಹೊಸ ಗ್ಯಾಸ್ ಒತ್ತಿಬಿಟ್ಟೆ, ಯಾರು ಹೇಳಿಕೊಟ್ಟಿದ್ದರು ನನಗೆ, ಎಲ್ಲ ನೋಡಿ ಕಲಿತದ್ದು, ತಣ್ಣಗೆ ಬಂದಿತ್ತಲ್ಲ, ಏನ್ ಕೈಗುಣ ರೀ ನಿಮ್ದು ಅಂದಿದ್ದರು ಮೇಡಂ, ಎರಡು ತಿಂಗಳು ಬೀಗುತ್ತಾ ಓಡಾಡಿದೆ.

ಆಮೇಲೆ ಒಂದು ದಿನ ಇದೇ ಜಾಗದಲ್ಲಿ ಬಾಳೇಶ, ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಮದುವೆಗೆಂದು ಹಾಕಿದ್ದ ಇಸ್ತ್ರಿ ಅಂಗಿ, ನಾ ಏಸಿ ಹಚ್ಚಿಲ್ರೀ ಮೇಡಂ, ನಾಕೂ ಕಿಟಕಿ ಇಳಿಸಿ ಮಲಗಿದ್ದೆ, ಬೇಕಾದ್ರ ಅಣ್ಣಾರನ್ನ ಕೇಳ್ರಿ, ಬಿಚ್ಚಿದ್ರ ಅವರಿಗೆ ಗೊತ್ತಾಗತೈತಿ — ನನ್ನ ಕಡೆ ನೋಡಿದ, ನಂಬಿಕೊಂಡೇ ನೋಡಿದ, ನಾನು ಏನಂದೆ, ಬಿಚ್ಚೋದ್ರಲ್ಲಿ ಅರ್ಥ ಇಲ್ಲ ಮೇಡಂ, ಹೋಗಿರೋದು ಹೋಗಿದೆ, ಅಂದೆ, ಅವನು ಕಾರಿನ ಕೀಯನ್ನು ಬಾನೆಟ್ ಮೇಲೆ ಸದ್ದಾಗದ ಹಾಗೆ ಇಟ್ಟು ಹೋದ, ಈಗ ಬಾಡಿಗೆ ಆಟೋ, ಅತ್ತಿಗುಪ್ಪೆ ಸ್ಟಾಂಡು, ಎದುರು ಸಿಕ್ಕರೆ ಊಟ ಆತೇನ್ರಿ ಅಂತ ಅವನೇ ಮೊದಲು ಕೇಳುತ್ತಾನೆ, ಆತಪ್ಪ ಅನ್ನುತ್ತೇನೆ, ಬೇಗ ಗಾಡಿ ತಿರುಗಿಸುತ್ತೇನೆ.

ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿದೆ, ಎಷ್ಟು ನಿಶ್ಶಬ್ದ, ಮುಳ್ಳು ನಿಂತಿದೆ, ಏನ್ರೀ ಅದು ಬಾಟಲಿಯಲ್ಲಿ, ಡಿಕಾಕ್ಷನ್ ಇದ್ದ ಹಾಗಿದೆ, ಅಂದರು ಮೇಡಂ, ಹಳೆ ಎಣ್ಣೆ ಅಂದರೆ ಸಾಕು, ಚರಂಡಿಗೆ ಸುರಿದರೆ ಮುಗಿಯಿತು, ಲೋಕದಲ್ಲಿ ಯಾರಿಗೂ — ಬಾಳೇಶ ಏಸಿ ಹಾಕಿರ್ಲಿಲ್ಲ ಮೇಡಂ, ಬಾಯಿ ಅಂದುಬಿಟ್ಟಿತು, ಎಣ್ಣೆ ಬದಲಾಯಿಸದೇನೇ ಗ್ಯಾಸ್ ಹಾಕಿದ್ದು ನಾನು, ಕೆಡಿಸಿದ್ದೂ ನಾನೇ, ಅವರು ಲೋಟ ಕೆಳಗಿಟ್ಟರು, ಆವತ್ತೇ ಗೊತ್ತಿತ್ತಾ ಅಂದರು, ಅನುಮಾನ ಇತ್ತು ಅನ್ನಲೇ, ಅನುಮಾನ ಇದ್ದವನು ಬಿಚ್ಚಿ ನೋಡಬೇಕಿತ್ತು, ಗೊತ್ತಿತ್ತು ಮೇಡಂ, ಹೂಂ ಅಂದರು ಮೇಡಂ, ನಿಮ್ಮನ್ನೇ ಕೇಳಿ ಅಂದಿದ್ದ ಅವನು, ನಾನೂ ನಿಮ್ಮನ್ನೇ ಕೇಳಿದೆ, ಈಗ ಫೋನ್ ಮಾಡಿ, ಮೊದಲು ನೀವು ಹೇಳಿ, ಆಮೇಲೆ ನನಗೆ ಕೊಡಿ, ನಾನೂ ಅವನಿಗೆ ಹೇಳೋದಿದೆ — ರಿಂಗಾಗುತ್ತಿದೆ, ಎತ್ತಿದ, ಹಿಂದೆ ಆಟೋದ ಪಟಪಟ, ಹೇಳ್ರಿ ಅಣ್ಣಾ, ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ನಾನು ಬಾಟಲಿಯನ್ನು, ಅಣ್ಣಾ, ಕೇಳಸ್ತೈತೇನ್ರಿ, ಕೇಳಿಸುತ್ತಿದೆ, ಎಣ್ಣೆ ಅಲ್ಲಾಡುತ್ತಿಲ್ಲ, ಕಪ್ಪು ಎಣ್ಣೆ, ಅಂಚಿನವರೆಗೆ, ಕಪ್ಪು —