ಸಾವಂತ್ರಮ್ಮನ ಮನೆಗೆ ಹುಳ ಯಾಕೆ ಹೋಗಲ್ಲ?

ಚಳಿ ಬಿತ್ತೆಂದರೆ ಕೆಂಪಕ್ಕನ ಮನೆ ತುಂಬ ಹುಳ. ಒಲೆ ಹಿಂದೆ ಜಿರಲೆ, ಹಿಟ್ಟಿನ ಡಬ್ಬಿಯಲ್ಲಿ ಇರುವೆ, ಹಾಸಿಗೆಯ ಮಡಿಕೆಯಲ್ಲಿ ಹೆಸರು ಗೊತ್ತಿಲ್ಲದ ಕರಿ ಹುಳ. ಜಗಳೂರು ಸೀಮೆಯ ಆ ಹಳ್ಳಿಯಲ್ಲಿ ಎಲ್ಲರ ಪಾಡೂ ಅದೇ, ಪಕ್ಕದ ಸಾವಂತ್ರಮ್ಮನ ಮನೆಯೊಂದನ್ನು ಬಿಟ್ಟು.

ಕೆಂಪಕ್ಕನಿಗೆ ತಡೆಯಲಾಗದಿದ್ದುದೇ ಅದು. ಸಾಲದ್ದಕ್ಕೆ ಸೊಸೆ ಗಂಗೋತ್ರಿ ಐದು ತಿಂಗಳ ಮಗನನ್ನು ದಿನಾ ಮಧ್ಯಾಹ್ನ ಅಲ್ಲಿಗೇ ಎತ್ತಿಕೊಂಡು ಹೋಗಿ ಮಲಗಿಸುತ್ತಿದ್ದಳು.

"ನಮ್ಮನೆ ಕೂಸಿಗೆ ನಮ್ಮನೇಲಿ ಜಾಗ ಇಲ್ಲೇನೇ?"

"ನಿನ್ನೆ ಅದರ ಕಿವಿ ಹತ್ರ ಜಿರಲೆ ಹರಿದಾಡ್ತಿತ್ತು ಅತ್ತೆ. ಅವರ ಮನೇಲಿ ಒಂದೂ ಇಲ್ಲ. ಏನ್ ಮಾಡ್ತಾರೆ ಅಂತ ಕೇಳ್ಕಂಡು ಬರ್ಲಾ?"

"ಅವಳನ್ನ ಕೇಳಾಕೆ ಹೋಗ್ಬ್ಯಾಡ. ಯಾವುದೋ ಔಷಧಿ ತಂದು ಮುಚ್ಚಿಟ್ಕಂಡಾಳೆ."

ಗೋಡೆಯಾಚೆ ಸಾವಂತ್ರಮ್ಮ ಜೋಗುಳ ಹೇಳುವುದು ಕೇಳಿದರೆ ಕೆಂಪಕ್ಕನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಮೊಮ್ಮಗ ತನ್ನವನು, ಜೋಗುಳ ಅವಳದು.

ಒಂದು ಮಧ್ಯಾಹ್ನ ಕೆಂಪಕ್ಕ ಮೆಕ್ಕೆಜೋಳಕ್ಕೆ ಹೊಡೆದು ಉಳಿದಿದ್ದ ಔಷಧಿಯ ಬಾಟಲಿ ತೆಗೆದಳು. ಕಿಟಕಿ, ಬಾಗಿಲು ಮುಚ್ಚಿ ಮೂಲೆಮೂಲೆಗೆ ಬರಿಗೈಯಲ್ಲೇ ಚಿಮುಕಿಸಿದಳು. ತುಸು ಹೊತ್ತಿನಲ್ಲೇ ತಲೆ ಸುತ್ತಿತು, ವಾಂತಿಯಾಯಿತು. ಹೇಗೋ ಬಾಗಿಲು ತೆಗೆದು ಹೊಸ್ತಿಲ ಬಳಿ ಕುಸಿದಳು.

ಸದ್ದು ಕೇಳಿ ಓಡಿ ಬಂದವಳು ಸಾವಂತ್ರಮ್ಮನೇ. ಕೆಂಪಕ್ಕನನ್ನು ಬಯಲಿಗೆ ಎಳೆತಂದು, ಸೀರೆ ಬದಲಿಸಿ, ಕೈ ಮೈ ಸೋಪು ಹಾಕಿ ತೊಳೆದಳು. ಔಷಧಿ ಯಾವುದೆಂದು ಡಾಕ್ಟರಿಗೆ ಗೊತ್ತಾಗಲೆಂದು ಬಾಟಲಿಯನ್ನೂ ಕವರಿಗೆ ಹಾಕಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಗಂಗೋತ್ರಿಯೂ ಮಗುವನ್ನೆತ್ತಿಕೊಂಡು ಹಿಂದೆಯೇ ಬಂದಳು.

"ಇದು ಹೊಲಕ್ಕೆ ಹೊಡೆಯೋದು, ಮನೆಗಲ್ಲ," ಎಂದರು ಡಾಕ್ಟರು. "ಆಗ ಮಗು ಎಲ್ಲಿತ್ತು?"

ಕೆಂಪಕ್ಕ ಸೊಸೆಯ ಮುಖ ನೋಡಿದಳು. "ಪಕ್ಕದ ಮನೇಲಿ ಮಲಗಿತ್ತು ಸಾರ್," ಎಂದಳು ಗಂಗೋತ್ರಿ.

ನಾಲ್ಕನೇ ದಿನ, ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಕೆಂಪಕ್ಕನಿಗೆ ಸಾವಂತ್ರಮ್ಮ ಗಂಜಿ ತಂದಳು.

"ಈಗಾದ್ರೂ ಹೇಳು ಸಾವಂತ್ರಿ, ಯಾವ ಔಷಧಿ ಹಾಕ್ತೀಯ?"

"ಔಷಧಿನೇ ಇಲ್ಲ ಕೆಂಪಕ್ಕ. ನೀನು ಸೌದೆ, ಜೋಳದ ದಂಟು ಎಲ್ಲಾನೂ ಗೋಡೆಗೇ ಒಟ್ಟೀಯ. ಚಳಿಗೆ ಹುಳ ಅಲ್ಲಿ ಸೇರ್ಕಂಡು ಸಂದೀಲಿ ಒಳಗೆ ಬರ್ತಾವೆ. ನಾನು ದೂರ ಒಟ್ಟೀನಿ. ಗೋಡೆ ಬಿರುಕಿಗೆ ಸಿಮೆಂಟು ಮೆತ್ತೀನಿ, ಬಾಗಿಲ ಕೆಳಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದೀನಿ, ಕಿಟಕಿಗೆ ಜಾಲರಿ ಐತೆ. ಹೊತ್ತು ಮುಳುಗಾಕೆ ಮುಂಚೆ ಕದ ಹಾಕ್ತೀನಿ. ಎಂಜಲು ಪಾತ್ರೆ ಬೆಳಗಾಗೋ ತನಕ ಇಡಲ್ಲ."

"ಬರೇ ಇಷ್ಟಕ್ಕೆ ಹೆಂಗೆ ಹೋಗ್ತಾವೆ?"

"ಎರಡು ವಾರ ಮಾಡಿ ನೋಡು."

"ಇದನ್ನ ಮುಂಚೇನೇ ಹೇಳಬಾರ್ದಿತ್ತಾ?"

"ಕೇಳಾಕೆ ನೀನು ಬರ್ಲೇ ಇಲ್ಲವಲ್ಲ."

ಕೆಂಪಕ್ಕ ತಲೆ ತಗ್ಗಿಸಿದಳು. "ಕೂಸು ನಿನ್ನ ನೋಡಿ ನಕ್ಕರೆ ನಂಗೆ ಉರೀತಿತ್ತು ಕಣೇ."

ಸೌದೆ ಅಂದೇ ಹಿತ್ತಲಿನ ಆ ಕಡೆಗೆ ಹೋಯಿತು. ಸಂದಿಗಳು ಮುಚ್ಚಿದವು. ಎರಡು ವಾರಕ್ಕೆ ಜಿರಲೆ ಅಪರೂಪವಾದವು. ಮಗು ಈಗಲೂ ಸಾವಂತ್ರಮ್ಮನನ್ನು ಕಂಡರೆ ಕೈ ಚಾಚುತ್ತದೆ. ಕೆಂಪಕ್ಕನಿಗೆ ಒಳಗೆ ಚುರ್ರೆನ್ನುತ್ತದೆ. ಆದರೂ ತಾನೇ ಎತ್ತಿ ಕೊಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಹೊಲದ ಔಷಧಿ ಮನೆಯೊಳಗೆ ಬೇಡ. ಇವತ್ತೇ ನಿಮ್ಮ ಗೋಡೆಯ ಸುತ್ತ ಒಮ್ಮೆ ನಡೆದು ನೋಡಿ. ಬೆಳಕು ತೂರುವ ಸಂದಿಯೆಲ್ಲ ಮುಚ್ಚಿ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿ, ಅವರನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುತ್ತಿದ್ದರೂ ಸರಿ.